ದುಡ್ಡು ಕಟ್ಟದೆ ಓಪನ್ ಆಕ್ಸೆಸ್‌ನಲ್ಲಿ ಪೇಪರ್ ಪ್ರಕಟಿಸಬಹುದೇ?

ರಾಯಚೂರು ಕೃಷಿ ವಿಶ್ವವಿದ್ಯಾಲಯದ ತೊಗರಿ ಸಂಶೋಧಕರೊಬ್ಬರ ಪ್ರಶ್ನೆಯಿದು. ಓಪನ್ ಆಕ್ಸೆಸ್ ಎಂದರೆ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಪ್ರಕಟಿಸುವುದು. ದುಡ್ಡು ಕಟ್ಟದೆಯೂ ಧಾರಾಳವಾಗಿ ಪ್ರಕಟಿಸಬಹುದು.

ಚಂದಾ ಕಟ್ಟಿದವರಷ್ಟೇ ಓದುವ ಜರ್ನಲ್‌ಗೇ ಕಳಿಸಿ; ಹೆಚ್ಚಿನವು ಲೇಖಕರಿಂದ ದುಡ್ಡು ಕೇಳಲ್ಲ. ಸ್ವೀಕೃತವಾದ ಮೇಲೆ, ವಿಮರ್ಶಕರ ತಿದ್ದುಪಡಿಗಳೆಲ್ಲ ಸೇರಿದ ನಿಮ್ಮ ಕೊನೆಯ ವರ್ಡ್ ಫೈಲ್ ಇರುತ್ತದಲ್ಲ, ಅದನ್ನು ಜರ್ನಲ್‌ನ ನಿಯಮ ನೋಡಿಕೊಂಡು ಝೆನೊಡೊಗೆ ಹಾಕಿ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಉಚಿತ ಆನ್‌ಲೈನ್ ಭಂಡಾರ ಅದು, ಡಿಒಐ (ಫೈಲ್‌ನ ಶಾಶ್ವತ ಗುರುತಿನ ಸಂಖ್ಯೆ) ಕೂಡ ಸಿಗುತ್ತದೆ. ಎಡವುವುದು ಇಲ್ಲೇ: ಪ್ರಕಾಶಕರ ಲೋಗೊ, ಪುಟಸಂಖ್ಯೆ ಇರುವ ಪಿಡಿಎಫ್ ಏರಿಸಿದರೆ ತೆಗೆಯಿರಿ ಎಂದು ನೋಟಿಸ್ ಬರಬಹುದು. 12 ತಿಂಗಳೋ 24 ತಿಂಗಳೋ ಕಾಯಿರಿ ಎನ್ನುವ ಪ್ರಕಾಶಕರೂ ಇದ್ದಾರೆ. ಏರಿಸುವಾಗಲೇ ಎಂಬಾರ್ಗೊ (ಈ ಕಾಯುವ ಅವಧಿ) ಮುಗಿಯುವ ದಿನಾಂಕ ಕೊಟ್ಟರೆ ಆವತ್ತು ಫೈಲ್ ತಾನಾಗಿ ತೆರೆದುಕೊಳ್ಳುತ್ತದೆ.

ಇನ್ನೊಂದು ದಾರಿ, ಓಪನ್ ಆಕ್ಸೆಸ್ ಜರ್ನಲ್‌ಗಳ ಡಿಒಎಜೆ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಶುಲ್ಕವಿಲ್ಲದ ಜರ್ನಲ್‌ಗಳನ್ನಷ್ಟೇ ಸೋಸಿ ಹುಡುಕುವುದು. ವಾಟ್ಸಾಪ್‌ನಲ್ಲಿ ಬರುವ ‘ಮೂರೇ ದಿನದಲ್ಲಿ ಪ್ರಕಟಣೆ’ ಬಿಡಿ, ಅದು ಬರೀ ವ್ಯಾಪಾರ. ಅಸಲಿ ಜರ್ನಲ್‌ಗಳ ಹೆಸರು ಕದ್ದ ನಕಲಿಗಳೂ ಇವೆ, ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಜೊತೆಗೆ ವೆಬ್ ವಿಳಾಸವನ್ನೂ ತಾಳೆ ನೋಡಿ.