ಹೆರಿಗೆ ರಜೆ ಯಾವಾಗ ಶುರು ಮಾಡಿದರೆ ಒಳ್ಳೆಯದು?

ಡಾಕ್ಟರ್ ಕೊಟ್ಟ ತಾರೀಖಿನ ಹಿಂದಿನ ದಿನದವರೆಗೂ ಕೆಲಸಕ್ಕೆ ಹೋಗುವ ಲೆಕ್ಕ ಹಾಕಬೇಡಿ. ಅದು ಅಂದಾಜು ಅಷ್ಟೇ. ಸಾಮಾನ್ಯವಾಗಿ 37ರಿಂದ 42ನೇ ವಾರದೊಳಗೆ ಯಾವಾಗ ಬೇಕಾದರೂ ಹೆರಿಗೆ ಆಗಬಹುದು. ಅವಳಿ ಮಕ್ಕಳಾದರೆ ಇನ್ನೂ ಬೇಗ.

ಆರೋಗ್ಯ ಚೆನ್ನಾಗಿದ್ದು, ಕೂತು ಮಾಡುವ ಕೆಲಸವಾದರೆ 36-37ನೇ ವಾರ ಸರಿ ಅನ್ನಿಸುತ್ತದೆ. ದಿನವಿಡೀ ನಿಲ್ಲುವುದು, ಭಾರ ಎತ್ತುವುದು, ರಾತ್ರಿ ಪಾಳಿ ಇದ್ದರೆ ಅದಕ್ಕೂ ಮುಂಚೆ. ಸಂಜೆ ಹೊತ್ತಿಗೆ ಚಪ್ಪಲಿ ಹಿಡಿಸದಷ್ಟು ಪಾದ ಊದುತ್ತಿದೆ, ನಿದ್ದೆಯೂ ಇಲ್ಲ ಅಂದರೆ ಸುಮ್ನೆ ಹಟ ಮಾಡಬೇಡಿ. ಮುಖ, ಕೈ ದಿಢೀರ್ ಊದಿದರೆ ಅಥವಾ ಬಿಪಿ ಏರಿದರೆ ರಜೆಯ ಮಾತು ಆಮೇಲೆ, ಮೊದಲು ಆಸ್ಪತ್ರೆಗೆ ಹೋಗಿ.

ಒಟ್ಟು ರಜೆ ಇಷ್ಟೇ ದಿನ ಅಂತ ಇದ್ದರೆ, ಮುಂಚೆ ತಗೊಂಡಷ್ಟೂ ಮಗುವಿನ ಜೊತೆಗಿನ ದಿನ ಕಡಿಮೆಯಾಗುತ್ತದೆ, ಅಲ್ವಾ? ಅದನ್ನೂ ನೋಡಿಕೊಳ್ಳಿ. ಕೆಲಸ ಒಪ್ಪಿಸುವುದನ್ನು ಮಾತ್ರ 34ನೇ ವಾರಕ್ಕೇ ಮುಗಿಸಿಡಿ.