36–25: ಇದು ಮುದ್ರಾರಾಕ್ಷಸನ ಕೈವಾಡವಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯ ಕ್ವಿಜ್ ಪುಟದಲ್ಲಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಅಮೆರಿಕ ರಷ್ಯಾವನ್ನು 36–25ರಿಂದ ಸೋಲಿಸಿತು ಅಂತ ಹಾಕಿದ್ದೀರಿ. ಇದು ಪೂರ್ತಿ ಪಂದ್ಯದ ಸ್ಕೋರೋ, ಮೊದಲರ್ಧದ್ದೋ? ನಮ್ಮ ಬಡಾವಣೆಯ ಹುಡುಗರೇ ಇದಕ್ಕಿಂತ ಜಾಸ್ತಿ ಹೊಡೀತಾರೆ. ನಿಜವಾಗಿ ಇಷ್ಟೇ ಆಗಿದ್ದರೆ ಯಾರೋ ಬೇಕಂತಲೇ ಆಟ ಕೆಡಿಸಿರಬೇಕು. ಅದು ಮೋಸ ಅಲ್ವಾ?"

ಸಂಪಾದಕರ ಉತ್ತರ:

ಸ್ಕೋರ್ ಸರಿಯಾಗೇ ಇದೆ ಸಾರ್. ಪೂರ್ತಿ 40 ನಿಮಿಷದ್ದು. ಮೊದಲರ್ಧ ಮುಗಿದಾಗ 17–15 ಇತ್ತು. ಹೆಲ್ಸಿಂಕಿಯ ಮೆಸ್ಸುಹಾಲಿ ಎಂಬ ಸಭಾಂಗಣದಲ್ಲಿ ಆಗಸ್ಟ್ 2ರಂದು ನಡೆದ ಪಂದ್ಯ ಅದು.

"ಯಾರೋ ಬೇಕಂತಲೇ" ಅಂದಿರಲ್ಲ, ಅದೂ ಅರ್ಧ ಸರಿ. ಸೋವಿಯತ್ ತಂಡ ಬೇಕಂತಲೇ ನಿಧಾನ ಮಾಡಿತು. ಯಾಕೆ ಅಂತ ತಿಳಿಯಲು ಅದೇ ಟೂರ್ನಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫೈನಲ್‌ಗೆ ಕೆಲವೇ ದಿನ ಮೊದಲು ಇದೇ ಎರಡು ತಂಡ ಗುಂಪಿನ ಹಂತದಲ್ಲಿ ಎದುರಾಗಿದ್ದವು. ಆಗ ಅಮೆರಿಕ 86, ಸೋವಿಯತ್ 58. ಮಾಮೂಲಿ ವೇಗದಲ್ಲಿ ಆಡಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಾಗಿಹೋಗಿತ್ತು. ಮತ್ತೊಮ್ಮೆ ಹಾಗೇ ಆಡಿ ಇನ್ನೊಂದು ಏಟು ತಿನ್ನಲು ಅವರೇನು ದಡ್ಡರಲ್ಲ.

ಅಮೆರಿಕದ ಕಡೆ ಎತ್ತರದವರ ದಂಡೇ ಇತ್ತು. ಬಾಬ್ ಕರ್ಲ್ಯಾಂಡ್ ಸುಮಾರು 7 ಅಡಿ. 1948ರ ಲಂಡನ್ ಚಿನ್ನವನ್ನೂ ಗೆದ್ದ ಆಸಾಮಿ. ಕಾಲೇಜು ದಿನಗಳಲ್ಲಿ ಬ್ಯಾಸ್ಕೆಟ್‌ಗೆ ಇಳಿಯುತ್ತಿದ್ದ ಎದುರಾಳಿಯ ಚೆಂಡನ್ನು ಮೇಲಿಂದಲೇ ಆಚೆ ತಳ್ಳಿಬಿಡುತ್ತಿದ್ದ. ಆತ ಮತ್ತು ಇನ್ನೊಬ್ಬ ಎತ್ತರದ ಆಟಗಾರ ಜಾರ್ಜ್ ಮೈಕನ್ ಕಾಟಕ್ಕೇ ಅಲ್ಲಿನ ಕಾಲೇಜು ಆಟದಲ್ಲಿ ಅದನ್ನು ನಿಷೇಧಿಸುವ ನಿಯಮ ತರಬೇಕಾಯಿತು. ಜೊತೆಗೆ ಕ್ಲೈಡ್ ಲವ್ಲೆಟ್, ಆರಡಿ ಒಂಬತ್ತು ಇಂಚು. ಇಂಥವರು ಬ್ಯಾಸ್ಕೆಟ್ ಕೆಳಗೆ ನಿಂತರೆ ತಪ್ಪಿದ ಶಾಟ್‌ಗಳ ರೀಬೌಂಡ್, ಅಂದರೆ ಪುಟಿದು ಬರುವ ಚೆಂಡು, ಎಲ್ಲ ಅವರಿಗೇ.

ಹಾಗಾದರೆ ಶಾಟ್ ಹೊಡೆಯದೇ ಇದ್ದರೆ? ಸೋವಿಯತ್ ಆಟಗಾರರು ಮಾಡಿದ್ದು ಅದೇ. ಬ್ಯಾಸ್ಕೆಟ್‌ನಿಂದ ದೂರ ನಿಂತು ಒಬ್ಬರಿಂದೊಬ್ಬರಿಗೆ ಪಾಸ್ ಮಾಡುತ್ತಾ ಇರೋದು. ಸಲೀಸಾದ ಜಾಗ ಸಿಕ್ಕರೆ ಮಾತ್ರ ಹೊಡೆಯೋದು. ಎದುರಾಳಿಗೆ ಎರಡೇ ದಾರಿ. ಬ್ಯಾಸ್ಕೆಟ್ ಕಾಯುತ್ತಾ ನಿಂತರೆ ಸಮಯ ಓಡುತ್ತದೆ. ಚೆಂಡು ಕಸಿಯಲು ಮುಂದೆ ಬಂದರೆ ಹಿಂದೆ ಜಾಗ ಬಿಟ್ಟುಕೊಟ್ಟ ಹಾಗೆ. ಲೆಕ್ಕವೂ ಸರಳ. ಬಲಾಢ್ಯರ ಎದುರು ಚೆಂಡು ಎಷ್ಟು ಕಮ್ಮಿ ಸಲ ಕೈ ಬದಲಾದರೆ, ಅದೃಷ್ಟಕ್ಕೆ ಅಷ್ಟು ಜಾಸ್ತಿ ಅವಕಾಶ. ಮೊದಲ ಪಂದ್ಯದಲ್ಲಿ ಎರಡೂ ಕಡೆ ಸೇರಿ 144 ಪಾಯಿಂಟ್, ಫೈನಲ್‌ನಲ್ಲಿ ಬರೀ 61. ಸೋಲಿನ ಅಂತರ 28ರಿಂದ 11ಕ್ಕೆ ಇಳಿಯಿತು. ನನ್ನ ಪ್ರಕಾರ ಆ ಟೂರ್ನಿಯ ಅತಿ ಜಾಣತನದ ಆಟ ಆಡಿದವರು ಸೋತವರೇ. ನೋಡುವವರಿಗೆ ಆಕಳಿಕೆ ಬಂದಿದ್ದರೆ ಅದು ಬೇರೆ ಮಾತು.

ಇಂಥ ಆಟಕ್ಕೆ ಆಗ ತಡೆಯೇ ಇರಲಿಲ್ಲ. ಇಷ್ಟು ಸೆಕೆಂಡಿನೊಳಗೆ ಶಾಟ್ ಹೊಡೆಯಲೇಬೇಕು ಎಂಬ ನಿಯಮ ಇನ್ನೂ ಹುಟ್ಟಿರಲಿಲ್ಲ. ಪ್ರೊ ಕಬಡ್ಡಿಯಲ್ಲಿ ಎರಡು ಖಾಲಿ ರೈಡ್ ಆದಮೇಲೆ ಮೂರನೆಯದು ಡೂ ಆರ್ ಡೈ ಆಗುತ್ತದಲ್ಲ, ಅಲ್ಲೂ ಕಾಯಿಲೆ ಇದೇ, ಮದ್ದೂ ಇದೇ ಜಾತಿಯದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೂ ಈ ಕಾಯಿಲೆ ಅಂಟಿತ್ತು. 1950ರ ನವೆಂಬರ್‌ನಲ್ಲಿ ಫೋರ್ಟ್ ವೇಯ್ನ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೋಲಿಸಿದ್ದು ಎಷ್ಟಕ್ಕೆ ಗೊತ್ತಾ? 19–18! ಕೊನೆಗೆ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದರು. ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ಕಡೆಯಿಂದ ಸುಮಾರು 120 ಶಾಟ್ ಬೀಳುತ್ತವೆ. 48 ನಿಮಿಷ ಅಂದರೆ 2880 ಸೆಕೆಂಡ್. ಭಾಗಿಸಿದರೆ 24. ಅಷ್ಟೇ! 1954ರಿಂದ ಎನ್‌ಬಿಎನಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು. ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 1956ರಲ್ಲಿ 30 ಸೆಕೆಂಡ್ ಅಂದಿತು. ಅದೂ 24ಕ್ಕೆ ಇಳಿದದ್ದು 2000ದಲ್ಲಿ.

ಅಂದಹಾಗೆ 36–25 ಒಲಿಂಪಿಕ್ಸ್ ಫೈನಲ್‌ಗಳಲ್ಲಿ ಅತಿ ಕಮ್ಮಿಯದೇನೂ ಅಲ್ಲ. 1936ರಲ್ಲಿ ಬರ್ಲಿನ್‌ನಲ್ಲಿ ಅಮೆರಿಕ ಕೆನಡಾವನ್ನು 19–8ರಿಂದ ಸೋಲಿಸಿತ್ತು. ಅಲ್ಲಿ ತಂತ್ರವೂ ಇಲ್ಲ, ಮಣ್ಣೂ ಇಲ್ಲ. ಅಲ್ಲ, ಮಣ್ಣಿತ್ತು, ಅದೇ ತೊಂದರೆ! ಬಯಲಲ್ಲಿ, ಮಣ್ಣಿನ ಟೆನಿಸ್ ಅಂಗಳದಲ್ಲಿ, ಸುರಿಯುವ ಮಳೆಯಲ್ಲಿ ಫೈನಲ್. ಕೆಸರಿಗೆ ಬಿದ್ದ ಚೆಂಡು ಮೇಲೇಳದಿದ್ದರೆ ಡ್ರಿಬಲ್ ಮಾಡೋದು ಹೇಗೆ?

ನೀವು "ರಷ್ಯಾ" ಅಂತ ಬರೆದಿದ್ದೀರಿ. ಆಗಿನ ಕಾಲಕ್ಕೆ ಎಲ್ಲರೂ ಹಾಗೇ ಅನ್ನುತ್ತಿದ್ದರು. ಆದರೆ ಈ ತಂಡಕ್ಕೆ ಆ ಹೆಸರು ಒಪ್ಪುವುದೇ ಇಲ್ಲ. ಒಟಾರ್ ಕೋರ್ಕಿಯಾ ಜಾರ್ಜಿಯಾದವರು, ಸ್ಟೆಪಾಸ್ ಬುಟೌಟಾಸ್ ಲಿಥುವೇನಿಯಾದವರು, ಇಲ್ಮಾರ್ ಕುಲ್ಲಾಮ್ ಎಸ್ಟೋನಿಯಾದವರು. ತಂಡದಲ್ಲಿ ಜಾಸ್ತಿ ಮಂದಿ ಇಂಥ ಕಡೆಯವರೇ. ಲಿಥುವೇನಿಯಾ ಸ್ವತಂತ್ರವಾಗಿದ್ದಾಗ 1937 ಮತ್ತು 1939ರಲ್ಲಿ ಯುರೋಪಿನ ಚಾಂಪಿಯನ್ ಆಗಿತ್ತು. ಆಮೇಲೆ ದೇಶ ಸೋವಿಯತ್ ಒಕ್ಕೂಟದ ಪಾಲಾಯಿತು, ಆಟಗಾರರು ಆ ಜೆರ್ಸಿ ತೊಟ್ಟರು. ಸೋವಿಯತ್ ಒಕ್ಕೂಟಕ್ಕೆ ಅದು ಮೊದಲ ಒಲಿಂಪಿಕ್ಸ್, ಮೊದಲ ಸಲಕ್ಕೇ ಬೆಳ್ಳಿ.

ಎದುರಿನ ಅಮೆರಿಕ ತಂಡವೂ ವಿಚಿತ್ರವೇ. 14 ಜನರಲ್ಲಿ 7 ಮಂದಿ ಕ್ಯಾನ್ಸಸ್ ವಿಶ್ವವಿದ್ಯಾಲಯದವರು. ಉಳಿದವರು ಕ್ಯಾಟರ್‌ಪಿಲ್ಲರ್ ಎಂಬ ಟ್ರ್ಯಾಕ್ಟರ್ ಕಂಪನಿ ಮತ್ತು ಫಿಲಿಪ್ಸ್ ಎಂಬ ಪೆಟ್ರೋಲ್ ಕಂಪನಿಯ ತಂಡದವರು. ವೃತ್ತಿಪರರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ಕಂಪನಿ ಕೆಲಸದಲ್ಲಿದ್ದುಕೊಂಡು ಆಡುವವರು "ಅಮೆಚೂರ್". ಕರ್ಲ್ಯಾಂಡ್ ಕೂಡ ಫಿಲಿಪ್ಸ್ ಬಿಟ್ಟು ವೃತ್ತಿಪರ ಲೀಗ್‌ಗೆ ಹೋಗಲೇ ಇಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಮೋಸ ಅಲ್ವಾ ಅಂತ. ಅದೇ ಹೆಲ್ಸಿಂಕಿಯಲ್ಲಿ ಫ್ರಾನ್ಸ್ ಎದುರು 68–66ರಿಂದ ಸೋತ ಉರುಗ್ವೆಯವರು ಅಮೆರಿಕದ ರೆಫರಿ ಮೇಲೆ ಕೈ ಮಾಡಿದರು. ಆಟ ಕೆಡಿಸೋದು ಅಂದರೆ ಅದು. ಚೆಂಡು ಕೈಯಲ್ಲಿಟ್ಟುಕೊಂಡು ಕಾಯೋದಕ್ಕೆ ನಿಯಮದ ಅಡ್ಡಿಯೇ ಇರಲಿಲ್ಲ. ಅಮೆರಿಕದ್ದೇ ಕಾಲೇಜು ಪುರುಷರ ಆಟದಲ್ಲಿ ಎಲ್ಲೆಡೆ ಶಾಟ್ ಕ್ಲಾಕ್ ಬಂದದ್ದು 1985ರಲ್ಲಿ. ಅಲ್ಲಿಯತನಕ ಅಲ್ಲಿನ ಕೋಚ್‌ಗಳೂ, ಮುನ್ನಡೆ ಸಿಕ್ಕ ತಕ್ಷಣ, ಇದೇ ಕೆಲಸವನ್ನು ತಮ್ಮ ಹುಡುಗರಿಂದ ಮಾಡಿಸುತ್ತಿದ್ದರು. ಸೋವಿಯತ್ ತಂಡವನ್ನು ಮೋಸಗಾರರ ಪಟ್ಟಿಗೆ ಸೇರಿಸೋದಾದರೆ ಇವರನ್ನೂ ಸೇರಿಸಬೇಕಾಗುತ್ತದೆ ಸಾರ್.

— ಸಂ.