ತೆಗೆದಲ್ಲೇ ಇಟ್ಟ ಪಾನಾ

ಶಿರಸಿ ಸೀಮೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ನಾನೇ ಅಕ್ಷರ ತಿದ್ದಿಸಿದ ಹುಡುಗ, ಈಗ ಹದಿನೈದು. ದೊಡ್ಡ ಹುಡುಗರ ಜೊತೆ ಸೇರಿ ಅಂಗಳದಲ್ಲಿ ಒಣಹಾಕಿದ್ದ ಚಾಲಿ ಅಡಿಕೆ ಕದ್ದ. ಬಾಲ ನ್ಯಾಯ ಮಂಡಳಿಯವರು ಬುದ್ಧಿ ಹೇಳಿ ಮನೆಗೆ ಕಳಿಸಿದ್ದಾರೆ. ಹೈಸ್ಕೂಲಿನವರು ಹತ್ತನೇ ತರಗತಿಗೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದು, ನನ್ನ ಅಭಿಪ್ರಾಯ ಕೇಳಿದ್ದಾರೆ. ಉಳಿದ ಮಕ್ಕಳ ಯೋಚನೆಯೂ ಬರುತ್ತದೆ. ಅಂಥವನನ್ನು ಎಲ್ಲಿ ಕೂರಿಸುವುದು?"

ಅಕ್ಕೋರೇ, ಬೆಂಚಿನ ಮೇಲೆ ಕೂರಿಸುವುದು. ಇಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ನೀವು ಕೆರೆದದ್ದು ನನ್ನ ಹಳೇ ಹುಣ್ಣು, ಸುಮ್ಮನಿರಲು ಆಗುತ್ತಿಲ್ಲ.

ಮೊದಲು ಶಹಬ್ಬಾಸ್. ನಾಲ್ಕು ಪುಟದಲ್ಲಿ ಎಲ್ಲೂ ಹುಡುಗನ ಹೆಸರಿಲ್ಲ. ಆಮೇಲೆ ಒಂದು ತಕರಾರು: 'ಅಂಥವನು' ಎಂದು ಐದು ಕಡೆ ಬರೆದಿದ್ದೀರಿ. ನೀವೇ ಕೈ ಹಿಡಿದು 'ಅ' ಬರೆಸಿದ ಹುಡುಗ ಯಾವಾಗ 'ಅಂಥವನು' ಆದ?

ಅಡಿಕೆ ಕಳೆದುಕೊಂಡವರ ಸಂಕಟ ನನಗೆ ತಿಳಿಯದ್ದಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ಮನೆಯಲ್ಲಿ ಇಬ್ಬರೇ ಮುದುಕರು ಉಳಿದ ಊರುಗಳು ನಮ್ಮವು. ಒಂದೂವರೆ ತಿಂಗಳು ಬಿಸಿಲು ಕಾದು ಒಣಗಿಸಿದ್ದು ರಾತ್ರೋರಾತ್ರಿ ಹೋದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಒಪ್ಪಿದೆ. ಆದರೆ ಅದರ ವಿಚಾರಣೆ ಆಗಿಹೋಯಿತಲ್ಲ? ನ್ಯಾಯ ಹೇಳಬೇಕಾದವರು ಹೇಳಿದ್ದಾರೆ. ಆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. 2015ರ ಬಾಲ ನ್ಯಾಯ ಕಾಯ್ದೆಯ 18ನೇ ಕಲಂ ಪ್ರಕಾರ ಅವರು ಹುಡುಗನನ್ನು ಮನೆಗೆ ಕಳಿಸುವುದಷ್ಟೇ ಅಲ್ಲ, 'ಶಾಲೆಗೆ ಹೋಗು' ಎಂದು ಆದೇಶವನ್ನೇ ಮಾಡಬಹುದು. 24ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಆ ತಪ್ಪಿನಿಂದ ಹುಡುಗನಿಗೆ ಯಾವ ಅನರ್ಹತೆಯೂ ಅಂಟಬಾರದು, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಹದಿನಾರು ದಾಟಿ ಘೋರ ಅಪರಾಧ ಮಾಡಿ, ದೊಡ್ಡವರಂತೆ ವಿಚಾರಣೆಗೊಳಗಾದವರ ಮಾತು ಬೇರೆ. ಅಂಗಳದ ಅಡಿಕೆ ಆ ಲೆಕ್ಕಕ್ಕೆ ಬರುವುದಿಲ್ಲ.

ಕೋರ್ಟಿನ ಕಡತ ಹೀಗೆ ಹರಿದುಹೋಗುತ್ತದೆ. ಸೊಸೈಟಿ ಕಟ್ಟೆಯ ಕಡತ ಹರಿಯುವವರು ಯಾರು? ಈಗಂತೂ ಅದಕ್ಕೆ ಸಿಸಿಟಿವಿ ತುಣುಕು ಬೇರೆ, ಊರ ವಾಟ್ಸಾಪ್ ಗುಂಪಿನಲ್ಲಿ ಬೆಳಗಾಗುವುದರೊಳಗೆ ನೂರು ಮನೆ.

ಬೇರೆಯವರನ್ನು ಯಾಕೆ ಅನ್ನಲಿ. ಪತ್ರಿಕೆ ಸೇರಿದ ಹೊಸತರಲ್ಲಿ ನಾನೂ ಒಂದು ಕಳವಿನ ಸುದ್ದಿ ಬರೆದಿದ್ದೆ. ಹುಡುಗನ ಹೆಸರು ಹಾಕಿರಲಿಲ್ಲ, ಕಾನೂನು ಗೊತ್ತಿದೆಯೆಂಬ ಜಂಬ. 'ಬಸ್ ಸ್ಟ್ಯಾಂಡ್ ಹಿಂದಿನ ಟೇಲರ್ ಮೊಮ್ಮಗ' ಎಂದು ಬರೆದೆ. ಆ ಊರಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ಇದ್ದದ್ದು ಒಬ್ಬನೇ ಟೇಲರ್. ಎಂಟು ದಿನ ಅಂಗಡಿ ತೆಗೆಯಲಿಲ್ಲ ಮುದುಕ. ಹುಡುಗ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಗುರುತು ಸಿಗುವಂಥ ಯಾವ ವಿವರವೂ ಬರಬಾರದು ಎಂಬುದು ಆಗಲೂ ಕಾನೂನೇ. ಇವತ್ತು 74ನೇ ಕಲಂ ಅದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎನ್ನುತ್ತದೆ. ನನಗೆ ಏನೂ ಆಗಲಿಲ್ಲ. ಸಂಬಳ ಹೆಚ್ಚಾಯಿತು.

ಕಾರವಾರದ ಬೈತಖೋಲ್ ಬಂದರಿನಲ್ಲಿ ನನಗೆ ಪರಿಚಯದ ಒಬ್ಬ ಎಂಜಿನ್ ಮೇಸ್ತ್ರಿ ಇದ್ದಾನೆ. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗಲೇ ಅವನಿಗೆ ಸುಗ್ಗಿ, ಬೋಟುಗಳ ಎಂಜಿನ್ ಬಿಚ್ಚುವ ಕಾಲ. ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲಿ ಇದ್ದುಬಂದ, ಹದಿನೆಂಟು ತುಂಬಿದ ಒಬ್ಬನನ್ನು ಅವನು ಕೆಲಸಕ್ಕೆ ಇಟ್ಟುಕೊಂಡ. ಕೇಳಿದ್ದು ಒಂದೇ ಮಾತು: "ಬೆಳಿಗ್ಗೆ ಏಳಕ್ಕೆ ಬರ್ತ್ಯಾ?" ಮಳೆಗಾಲದ ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಮಾಡಿನ ಕೆಳಗೆ ನಾನು ಚಹಾ ಕುಡಿಯುತ್ತಿದ್ದೆ. ಹುಡುಗ ಸೀಮೆಎಣ್ಣೆ ಬಟ್ಟೆಯಲ್ಲಿ ಪಾನಾಗಳನ್ನು, ಅಂದರೆ ಸ್ಪ್ಯಾನರುಗಳನ್ನು, ಒಂದೊಂದಾಗಿ ಒರೆಸಿ, ಸಣ್ಣದರಿಂದ ದೊಡ್ಡದಕ್ಕೆ ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದ. ಪಕ್ಕದಲ್ಲಿದ್ದವನೊಬ್ಬ ಮೇಸ್ತ್ರಿಯ ಕಿವಿಗೆ ಬಗ್ಗಿ, "ಅವನ ಕತೆ ಗೊತ್ತುಂಟಾ ನಿಂಗೆ?" ಅಂದ. ಮೇಸ್ತ್ರಿ ತಲೆ ಎತ್ತದೆ ಹೇಳಿದ: "ಅಂವ ಪಾನಾ ತೆಗೆದಲ್ಲೇ ಇಡ್ತಾ. ನಿನ್ನ ಮಗ ಇಡ್ತ್ನಾ?"

ಆ ಮೇಸ್ತ್ರಿ ಏಳನೇ ಇಯತ್ತೆಯನ್ನೂ ಮುಗಿಸಿದವನಲ್ಲ. ನಿಮ್ಮ ಆಡಳಿತ ಮಂಡಳಿಯಲ್ಲಿ ಎಷ್ಟು ಮಂದಿ ಪದವೀಧರರಿದ್ದಾರೆ?

ನನ್ನ ಗುಮಾನಿ ಹೇಳಲೇ? ನಿಮ್ಮ ಹೈಸ್ಕೂಲಿನವರಿಗೆ ಭಯವಿರುವುದು ಕಳ್ಳತನದ್ದಲ್ಲ, ರಿಸಲ್ಟಿನದ್ದು. ಮೂರು ತಿಂಗಳು ಶಾಲೆ ತಪ್ಪಿದ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಕೂತರೆ ಗೇಟಿನ ಮೇಲಿನ 'ನೂರಕ್ಕೆ ನೂರು' ಬ್ಯಾನರು ಏನಾದೀತು? ಲೆಕ್ಕದಲ್ಲಿ ಹಿಂದಿರುವ ಮಕ್ಕಳನ್ನು ಒಂಬತ್ತನೇ ತರಗತಿಯಲ್ಲೇ ಕರೆದು, 'ಟಿ.ಸಿ. ತಗೊಂಡು ಹೊರಗಿನಿಂದ ಕಟ್ಟು' ಎನ್ನುವ ಶಾಲೆಗಳನ್ನು ನಾನು ಬಲ್ಲೆ. ಆ ಮಕ್ಕಳು ಯಾರ ಅಡಿಕೆಯನ್ನೂ ಕದ್ದವರಲ್ಲ. ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕಕ್ಕೇ ಕೈಬಿಡುತ್ತದೆ, ಅದೂ ಇವರಿಗೆ ಗೊತ್ತು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಲೆಕ್ಕ ತಪ್ಪಿದವನಿಗೆ ಅದೇ ವರ್ಷ ಮತ್ತೆ ಅವಕಾಶ ಕೊಡುವ ಸರ್ಕಾರ ಇದೆ, ಒಂದು ಸಲ ಕೊಡಲು ಒಲ್ಲದ ಶಾಲೆ ಇದೆ.

ಉಳಿದ ಮಕ್ಕಳು ಕೆಟ್ಟಾರು ಎಂದಿರಿ. ಅವರ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಈ ಹುಡುಗನ ಬಗ್ಗೆ ಏನು ಮಾತಾಡುತ್ತಾರೆ ಎಂಬುದನ್ನು ಒಮ್ಮೆ ವಿಚಾರಿಸಿ ನೋಡಿ.

ಹುಡುಗನ ಅಮ್ಮ ತೋಟದ ಕೆಲಸಕ್ಕೆ ಹೋಗುವಾಕೆ, ಬರೆಯಲು ಬಾರದು ಎಂದು ಪತ್ರದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀರಿ. ಅರ್ಜಿ ನೀವೇ ಬರೆದುಕೊಡಿ. ಕಳವಿನ ಸುದ್ದಿ ಅದರಲ್ಲಿ ಬೇಡ. 'ಹತ್ತನೇ ತರಗತಿಗೆ ಪ್ರವೇಶ ಕೋರಿ' ಎಂದಿದ್ದರೆ ಸಾಕು. ಕೊಡುವ ದಿನ ಹುಡುಗನ ಜೊತೆ ನೀವೂ ಹೋಗಿ, ಮುಖ್ಯೋಪಾಧ್ಯಾಯರ ಎದುರಿನ ಕುರ್ಚಿಯಲ್ಲಿ ಕೂತು ರಸೀದಿ ಕೇಳಿ.

— ಸಂ.